ಧ್ವನಿಪೆಟ್ಟಿಗೆಯ ಗುಂಯ್‌ಗುಡುವಿಕೆ

ಪಂಡಿತ ಮಲ್ಲಿಕಾರ್ಜುನ ಮನಸೂರರು (1910–1992) ಹಾಡಿದ ವಚನಗಳನ್ನು ನಾವು ಇಷ್ಟಲಿಂಗಪೂಜೆಯ ತರುವಾಯ ಕೇಳುವುದುಂಟು. ಅವರು ಉಸಿರು ತೆಗೆದುಕೊಳ್ಳುವ ಆ ಕ್ಷಣದ ಮೌನದಲ್ಲಿ ಯಂತ್ರವೇ ಗುಂಯ್‌ಗುಟ್ಟಿದರೆ ಭಾವವು ಕದಡುತ್ತದೆ. ಮೂರು ಕಡ್ಡಿಯ ಪ್ಲಗ್ಗುಳ್ಳ ಆಂಪ್ಲಿಫಾಯರನ್ನು ಒಂದು ಗೋಡೆಗೂ ಕಂಪ್ಯೂಟರನ್ನು ಇನ್ನೊಂದು ಗೋಡೆಗೂ ಸಿಕ್ಕಿಸಿದಾಗ, ಅವುಗಳ ಅರ್ಥಿಂಗ್ ತಂತಿಗಳೂ ನಡುವಣ ಧ್ವನಿತಂತಿಯೂ ಕೂಡಿ ದೊಡ್ಡ ಬಳೆಯೊಂದು ಏರ್ಪಡುತ್ತದೆ. ಸೆಕೆಂಡಿಗೆ 50 ಆವರ್ತಗಳ ನಮ್ಮ ವಿದ್ಯುತ್ತು ಅದರಲ್ಲಿ ಅಲ್ಪಸ್ವಲ್ಪ ಸುತ್ತುವುದೇ ಆ ಸದ್ದು.

ಪ್ಲಗ್ಗಿನ ಮೇಲಿನ ದಪ್ಪ ಕಡ್ಡಿಯನ್ನು ಕಿತ್ತುಹಾಕಿ ಸದ್ದು ನಿಲ್ಲಿಸುವ ಜಾಣರಿದ್ದಾರೆ. ಸದ್ದೇನೋ ನಿಲ್ಲುತ್ತದೆ. ಆದರೆ 230 ವೋಲ್ಟಿನ ವಿದ್ಯುತ್ತು ಲೋಹದ ಕವಚಕ್ಕೆ ಸೋರಿದ ದಿನ, ಅದು ಭೂಮಿಗಿಳಿಯಲು ಮುಟ್ಟಿದವರ ಮೈಯೇ ದಾರಿಯಾದೀತು. ಮೊದಲು ಅರ್ಥಿಂಗೇ ಕೂಡಲೆಂದು ಆ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುತ್ತಾರೆ. ಮಕ್ಕಳು ಓಡಾಡುವ ಮನೆಯಲ್ಲಿ ಇಂಥ ಜಾಣತನ ಸಲ್ಲದು.

ನಾವು ಕಪಾಟಿನ ಹಿಂದೆ ಒಂದೇ ಹಲಗೆ ಕೂಡಿಸಿ, ಅದರಲ್ಲಿ ಐದು ಸಾಕೆಟ್ಟುಗಳನ್ನು ಹಾಕಿಸಿದೆವು. ಗೋಡೆಯ ಒಂದೇ ಪಾಯಿಂಟಿನಿಂದ ಅದಕ್ಕೆ ತಾಮ್ರದ ತಂತಿ ಬರುತ್ತದೆ. ಹಸಿರು ತಂತಿಗಳೆಲ್ಲ ಒಂದೇ ತಿರುಪಿನಲ್ಲಿ ಕೂಡುತ್ತವೆ. ಬಳೆ ಕಿರಿದಾಯಿತು, ಸದ್ದಡಗಿತು. ನಮ್ಮ ಉಪಕರಣಗಳೆಲ್ಲ ಸೇರಿ ಒಂದು ಇಸ್ತ್ರಿಪೆಟ್ಟಿಗೆಯಷ್ಟು ವಿದ್ಯುತ್ತನ್ನೂ ಬಳಸುವುದಿಲ್ಲವಾದ್ದರಿಂದ ಒಂದೇ ಪಾಯಿಂಟು ಸಾಕಾಯಿತು. ವಿದ್ಯುತ್ತಿನ ತಂತಿಗಳು ಎಡಕ್ಕೆ, ಧ್ವನಿತಂತಿಗಳು ಬಲಕ್ಕೆ. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಬೇಕು, ಜೊತೆಜೊತೆಯಾಗಿ ಸಾಗಕೂಡದು. ಅಂಗಡಿಯವರು ಹೊಗಳುವ ಚಿನ್ನದ ಲೇಪದ ಪ್ಲಗ್ಗು ನಮಗೆ ಬೇಕೆನಿಸಲಿಲ್ಲ. ಆ ಹಣವನ್ನು ಮೇನ್‌ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಗೆ ವಿನಿಯೋಗಿಸಿದೆವು. ಕೆಲಸವನ್ನು ಲೈಸೆನ್ಸುಳ್ಳ ವೈರ್‌ಮನ್‌ರಿಂದಲೇ ಮಾಡಿಸಿದೆವು. ಪ್ರತಿ ಪ್ಲಗ್ಗಿಗೂ ಹೆಸರಿನ ಚೀಟಿ ಅಂಟಿಸಿದವರು ನಮ್ಮ ಮನೆಯ ತಾಯಂದಿರು.