ಹಾಗೂ ಇತರರು

ಹಳೆಯ ಕಪ್ಪುಬಿಳುಪು ಚಿತ್ರ ಹಾಕಿದರೆ ಟೈಟಲ್ ಕಾರ್ಡ್‌ಗಳನ್ನು ನಾನು ಬಿಡದೆ ಓದುತ್ತೇನೆ. ನಾಯಕ ನಾಯಕಿಯರ ಹೆಸರು ದಪ್ಪಕ್ಷರದಲ್ಲಿ ಬಂದು ಹೋದ ಮೇಲೆ ಹತ್ತಾರು ಹೆಸರು ಒತ್ತೊತ್ತಾಗಿ ಕೂತ ಒಂದು ಕಾರ್ಡ್ ಬರುತ್ತದೆ. ಅದರ ಬುಡದಲ್ಲಿ ‘ಹಾಗೂ ಇತರರು’. ಓದಿ ಮುಗಿಸಲು ಅದು ಬಿಡುವುದಿಲ್ಲ.

ನಾಯಕಿಯಾದರೂ ‘ಇತರರ’ ಸಾಲಿಗೆ ಸರಿದುಹೋದವರಿದ್ದಾರೆ. ತ್ರಿಪುರಾಂಬ ನನ್ನನ್ನು ಬಹಳ ಕಾಡುವ ಹೆಸರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ದಲ್ಲಿ ಸುಲೋಚನೆ ಆಗಿದ್ದವರು ಅವರೇ. ಕನ್ನಡದ ಮೊದಲ ವಾಕ್ಚಿತ್ರದ ನಾಯಕಿ! ಇಂದ್ರಜಿತುವಾದ ಸುಬ್ಬಯ್ಯನಾಯ್ಡು, ರಾವಣನಾದ ಆರ್. ನಾಗೇಂದ್ರರಾಯರು, ನಿರ್ದೇಶಕ ವೈ.ವಿ. ರಾವ್ ಇವರನ್ನು ನಾಡು ಮರೆತಿಲ್ಲ. ನಾಯ್ಡು ಅವರ ಮಗ ಲೋಕೇಶ್, ರಾಯರ ಮಕ್ಕಳಾದ ಜಯಗೋಪಾಲ್ ಮತ್ತು ಸುದರ್ಶನ್, ವೈ.ವಿ. ರಾವ್ ಅವರ ಮಗಳು ಲಕ್ಷ್ಮಿ, ಎಲ್ಲರೂ ಚಿತ್ರರಂಗದಲ್ಲೇ ಬೆಳೆದು ಹೆತ್ತವರ ಹೆಸರನ್ನು ಹಸಿರಾಗಿಟ್ಟರು. ತ್ರಿಪುರಾಂಬ ಮಾತ್ರ ಪಾತ್ರವರ್ಗದ ಪಟ್ಟಿಯಲ್ಲಿ ಒಂದು ಹೆಸರಾಗಿ ನಿಂತುಬಿಟ್ಟರು.

ಅವರು ಪಟ್ಟ ಪಾಡು ಸಣ್ಣದಲ್ಲ. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ, ಹಗಲ ಬಿಸಿಲನ್ನೇ ನಂಬಿಕೊಂಡು. ರಿಫ್ಲೆಕ್ಟರಿನಿಂದ ಮುಖಕ್ಕೆ ರಾಚುವ ಬಿಸಿಲಲ್ಲಿ ಕಣ್ಣು ಕಿರಿದಾಗಕೂಡದು, ಬೆವರಿಗೆ ಬಣ್ಣ ಇಳಿಯಕೂಡದು. ಹಿನ್ನೆಲೆ ಗಾಯನ ಇನ್ನೂ ಬಾರದ ಕಾಲ ಅದು. ಹಾಡನ್ನು ಕ್ಯಾಮೆರಾ ಎದುರೇ ಹಾಡಬೇಕು, ಅಭಿನಯವೂ ಜೊತೆಗೇ ಆಗಬೇಕು. ಪಕ್ಕವಾದ್ಯದವರು ಫ್ರೇಮಿನಾಚೆ ಮರೆಯಲ್ಲಿ ಕೂತು ನುಡಿಸುತ್ತಿದ್ದರು. ಅವರಲ್ಲೊಬ್ಬರ ತಾಳ ತಪ್ಪಿದರೆ ಇಡೀ ಶಾಟ್ ಮತ್ತೆ ಮೊದಲಿಂದ.

ಇಷ್ಟೆಲ್ಲ ಆಗಿ ಚಿತ್ರದ ಒಂದು ಪ್ರಿಂಟೂ ಉಳಿಯಲಿಲ್ಲ. ಅಂದಿನ ನೈಟ್ರೇಟ್ ಫಿಲ್ಮ್ ಬೇಗ ಕೊಳೆಯುವಂಥದು, ಬೆಂಕಿಗಂತೂ ಮೊದಲ ತುತ್ತು. ಓಡಿ ಹಳತಾದ ರೀಲುಗಳನ್ನು ಅದರೊಳಗಿನ ಬೆಳ್ಳಿಗಾಗಿ ಕರಗಿಸುವುದೂ ಇತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ, ಅಂದರೆ ‘ಸುಲೋಚನ’ ಬಂದು ಮೂವತ್ತು ವರ್ಷಕ್ಕೆ.

ಚಿತ್ರ ಹೋದರೂ ಬರಹ ಉಳಿಯಬಹುದು. ರಂಗಭೂಮಿಯ ಗುಬ್ಬಿ ವೀರಣ್ಣನವರು ‘ಕಲೆಯೇ ಕಾಯಕ’ ಎಂಬ ಆತ್ಮಕಥೆ ಬರೆಸಿಟ್ಟದ್ದರಿಂದ ಅವರ ನಾಟಕ ಕಂಪನಿಯ ಬದುಕು ಇಂದಿಗೂ ಓದಲು ಸಿಗುತ್ತದೆ. ಹಾಗೆ ಬರೆಯುವ, ಬರೆಸುವ ಅನುಕೂಲ ಎಷ್ಟು ಜನರಿಗಿತ್ತು? ಅದರಲ್ಲೂ ನಟಿಯರಿಗೆ? ಈ ವಿಷಯದಲ್ಲಿ ನನಗೆ ನಿಜವಾಗಿ ಸಂಕಟವಾಗುತ್ತದೆ.

ಬರೆಯುವುದೇ ಕೆಲಸವಾಗಿದ್ದ ಜನವೂ ಸೆಟ್ಟಿನಲ್ಲಿದ್ದರು. ಸಹಾಯಕ ನಿರ್ದೇಶಕರ ಕಂಟಿನ್ಯೂಟಿ ಪುಸ್ತಕ ಒಂದು ಬಗೆಯ ದಿನಚರಿಯೇ. ಬಲಗೈಯಲ್ಲಿ ಎಷ್ಟು ಬಳೆ, ಸೆರಗು ಯಾವ ಹೆಗಲ ಮೇಲೆ, ಜಡೆ ಮುಂದಿತ್ತೋ ಹಿಂದಿತ್ತೋ, ಲೋಟದಲ್ಲಿ ಹಾಲು ಎಲ್ಲಿಯವರೆಗೆ, ಎಲ್ಲವೂ ಅದರಲ್ಲಿ ದಾಖಲು. ನಟಿಯ ಒಂದು ಹಗಲನ್ನು ಅಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದ್ದಾರೆ? ಚಿತ್ರ ಬಿಡುಗಡೆಯಾದರೆ ಪುಸ್ತಕದ ಕೆಲಸ ಮುಗಿಯಿತು, ರದ್ದಿಗೆ ಹೋಯಿತು.

ಮೇಕಪ್‌ನವರು, ಲೈಟ್‌ಬಾಯ್‌ಗಳು, ವಸ್ತ್ರಾಲಂಕಾರದವರು ಇದ್ದ ಮನೆಗಳಲ್ಲಿ ಹಳೆಯ ಟ್ರಂಕುಗಳಿರುತ್ತವೆ. ಮನೆ ಖಾಲಿ ಮಾಡುವಾಗ ಅದರೊಳಗಿನ ನೋಟ್‌ಬುಕ್ಕು, ಸಂಬಳದ ಚೀಟಿ, ಹಿಂದೆ ಹೆಸರು ಬರೆದ ಫೋಟೊ ಇವನ್ನು ದಯವಿಟ್ಟು ತೂಕಕ್ಕೆ ಹಾಕಬೇಡಿ. ಅಜ್ಜಿ ಇನ್ನೂ ಇದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕೂತು, ಫೋಟೊದಲ್ಲಿರುವವರು ಯಾರು ಯಾರೆಂದು ಕೇಳಿ ಬರೆದಿಡಿ.