ನೀಲಾದ್ರಿ ರಸ್ತೆಯ ಶುಕ್ರವಾರ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಬ್ಬರು ವರ್ಷಗಟ್ಟಲೆ ಚರ್ಚಿಗೆ ಹೋಗಿಬರುತ್ತಲೇ ಯಾರಿಗೂ ಗೊತ್ತಿಲ್ಲದವರಾಗಿ ಉಳಿದುಬಿಡಬಹುದು. ಆರಾಧನೆ ಶುರುವಾದ ಮೇಲೆ ಬಂದು ಹಿಂದಿನ ಸಾಲಿನ ಕುರ್ಚಿ ಹಿಡಿಯಬೇಕು. ಪರದೆಯ ಮೇಲೆ ಬಂದ ಹಾಡು ಹಾಡಬೇಕು, ಕಾಣಿಕೆ ಹಾಕಬೇಕು, ಕೊನೆಯ ಆಶೀರ್ವಾದ ಮುಗಿದದ್ದೇ ಗಾಡಿ ತೆಗೆದುಕೊಂಡು ಹೊರಡಬೇಕು. ಅಷ್ಟು ಸಾಕು. ತುಮಕೂರು ಕಡೆಯ ನಮ್ಮ ಊರಿನಲ್ಲಿ ಇದು ಆಗದ ಮಾತಾಗಿತ್ತು. ಒಂದು ಭಾನುವಾರ ಕಾಣಿಸದಿದ್ದರೆ ಸಂಜೆಯೊಳಗೆ ಅಯ್ಯನವರ ಮನೆಯಿಂದ ಯಾರಾದರೂ ಬಂದು, ‘ಯಾಕಮ್ಮ, ಮಗೂಗೆ ಜ್ವರವಾ?’ ಎಂದು ವಿಚಾರಿಸಿಯೇ ಹೋಗುತ್ತಿದ್ದರು.

ಇಲ್ಲಿ ವಿಚಾರಿಸುವವರಿಲ್ಲ ಎಂದರೆ ಅದು ಯಾರೊಬ್ಬರ ತಪ್ಪೂ ಅಲ್ಲ. ಈ ಜಾಗ ಹುಟ್ಟಿದ್ದೇ ಕೆಲಸಕ್ಕಾಗಿ. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಇದನ್ನು ಕಟ್ಟಲು ಹೊರಟಾಗ ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕಣ್ಣಮುಂದೆ ಇದ್ದದ್ದು ಎಲೆಕ್ಟ್ರಾನಿಕ್ ಉದ್ಯಮ. ಜನ ಬಂದದ್ದು ಆಮೇಲೆ, ದೇಶದ ಮೂಲೆಮೂಲೆಯಿಂದ. ಬಂದವರಿಗೆ ಹನ್ನೊಂದು ತಿಂಗಳ ಬಾಡಿಗೆ ಕರಾರು, ಕೊರಳಲ್ಲಿ ಐಡಿ ಕಾರ್ಡು, ಸಮಯಕ್ಕೊಂದು ಶಿಫ್ಟು. ಎದುರು ಮನೆಯವರ ಹೆಸರು ಗೊತ್ತಾಗುವಷ್ಟರಲ್ಲಿ ಅವರು ಮನೆ ಖಾಲಿ ಮಾಡಿರುತ್ತಾರೆ.

ನನ್ನನ್ನು ಕೂಟಕ್ಕೆ ಕರೆದವರು ಬೆಟಗೇರಿ ಕಡೆಯ ಒಬ್ಬ ನಿವೃತ್ತ ನರ್ಸ್. ಮಗನ ಜೊತೆಗಿರಲು ಇಲ್ಲಿಗೆ ಬಂದವರು. ಆರಾಧನೆ ಮುಗಿಸಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದವಳ ಹತ್ತಿರ ಬಂದು, ‘ಯಾವ ಊರವ್ವ ನಿಂದು?’ ಎಂದರು. ಹೇಳಿದೆ. ‘ಇಲ್ಲಿ ಯಾರದಾರ ನಿನಗ?’ ಎಂದರು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ‘ಶುಕ್ರವಾರ ಎಂಟಕ್ಕ ನಮ್ಮ ಮನಿಗೆ ಬಾ. ಸತ್ಯವೇದ ಓದ್ತೀವಿ. ಊಟಾನೂ ಅಲ್ಲೇ ಆಗ್ತೈತಿ’ ಎಂದು ಹೇಳಿ ನೀಲಾದ್ರಿ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಗುರುತು ಕೊಟ್ಟರು. ಸಭೆಯ ಪ್ರಕಟಣೆಯಲ್ಲಿ ಅದಕ್ಕೆ ಶಿಷ್ಯತ್ವದ ಗುಂಪು ಎಂಬ ದೊಡ್ಡ ಹೆಸರಿದೆ. ನಮ್ಮ ಬಾಯಲ್ಲಿ ಅದು ಶುಕ್ರವಾರದ ಕೂಟ, ಮನೆಯೊಡತಿ ನಮಗೆಲ್ಲ ಅವ್ವಾರು.

ಕೂಟ ನಡೆಯುವ ರೀತಿ ಬಹಳ ಸರಳ. ಪಕ್ಕದ ಮನೆಯವರಿಗೆ ತೊಂದರೆಯಾಗದಷ್ಟು ಮೆತ್ತಗೆ ಒಂದು ಹಾಡು. ಆಮೇಲೆ ಒಬ್ಬೊಬ್ಬರಾಗಿ ಆ ವಾರ ಹೇಗಿತ್ತೆಂದು ಹೇಳುವುದು. ಸುವಾರ್ತೆಯ ಒಂದು ಭಾಗವನ್ನು ವಚನಕ್ಕೊಬ್ಬರಂತೆ ಸರದಿಯಲ್ಲಿ ಓದುವುದು, ಓದಿದ್ದರಲ್ಲಿ ತಿಳಿದದ್ದು ಏನು, ತಿಳಿಯದ್ದು ಏನು, ಬರುವ ಶುಕ್ರವಾರದೊಳಗೆ ಮಾಡಬೇಕಾದದ್ದು ಏನು ಎಂದು ಮಾತಾಡುವುದು. ಕೊನೆಗೆ ಇಬ್ಬಿಬ್ಬರಾಗಿ ಕೂತು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು. ಇಷ್ಟರಲ್ಲಿ ನನ್ನ ಮಟ್ಟಿಗೆ ತೂಕವುಳ್ಳದ್ದು ಮುಂದಿನ ವಾರ ಬರುವ ಪ್ರಶ್ನೆ. ‘ಅಣ್ಣನ ಜೊತೆ ಮಾತಾಡ್ತೀನಿ ಅಂದಿದ್ದೆಯಲ್ಲ, ಮಾತಾಡಿದೆಯಾ?’ ಈ ಪ್ರಶ್ನೆಯನ್ನು ಪ್ರಸಂಗಪೀಠದಿಂದ ಯಾರೂ ಕೇಳಲಾರರು. ಪ್ರಸಂಗ ಎಷ್ಟೇ ಚೆನ್ನಾಗಿರಲಿ, ಅದು ನೂರಾರು ಜನರನ್ನು ಒಟ್ಟಿಗೆ ನೋಡಿ ಆಡುವ ಮಾತು. ನನ್ನ ಅಣ್ಣನ ವಿಷಯ ಗೊತ್ತಿರಲು ಎದುರಿಗೆ ಹತ್ತು ಜನ ಮಾತ್ರ ಇರಬೇಕು, ಅವರಿಗೆ ಕಳೆದ ವಾರ ನೆನಪಿರಬೇಕು.

ಇದು ಈಚೆಗೆ ಅಮೆರಿಕದಿಂದ ಬಂದ ಪದ್ಧತಿ, ನಮ್ಮ ಹಳೆಯ ಸಭೆಗಳಲ್ಲಿ ಇರಲಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ಅಜ್ಜಿ ‘ಕ್ಲಾಸ್ ಮೀಟಿಂಗು’ ಎಂದು ಹೇಳುತ್ತಿದ್ದದ್ದು ನನಗೆ ನೆನಪಿದೆ. ಆಗ ಅದೇನೋ ಮಕ್ಕಳ ಪಾಠವಿರಬೇಕು ಅನ್ನಿಸಿತ್ತು. ಅದರ ಮೂಲ ಇರುವುದು 1742ರ ಫೆಬ್ರುವರಿಯಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಜಾನ್ ವೆಸ್ಲಿಯ ಅನುಯಾಯಿಗಳು ಕಟ್ಟಿದ ಸಭಾಮಂದಿರದ ಮೇಲೆ ಸಾಲ ಉಳಿದಿತ್ತು. ತೀರಿಸುವುದು ಹೇಗೆಂದು ಕೂತು ಯೋಚಿಸುವಾಗ ಫಾಯ್ ಎಂಬ ಕ್ಯಾಪ್ಟನ್ ಒಂದು ದಾರಿ ಹೇಳಿದ: ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ. ಬಡವರು ಕೊಡಲಾರರು ಎಂದು ಆಕ್ಷೇಪ ಬಂತು. ಹಾಗಾದರೆ ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರು ಕೊಡದಿದ್ದರೆ ಅವರ ಪಾಲನ್ನು ನಾನೇ ಹಾಕುತ್ತೇನೆ ಎಂದ ಆತ. ಸಭೆಯನ್ನು ಹನ್ನೆರಡರ ಗುಂಪುಗಳಾಗಿ ಹಂಚಿದರು. ಗುಂಪಿನ ನಾಯಕ ಪೆನ್ನಿ ಕೇಳಲು ವಾರಕ್ಕೊಮ್ಮೆ ಮನೆಮನೆಗೆ ಹೋಗತೊಡಗಿದ. ಹೋದವನಿಗೆ ಕಂಡದ್ದು ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ, ಹಸಿವು. ವಸೂಲಿಗೆಂದು ಶುರುವಾದ ಭೇಟಿ ಒಬ್ಬರ ಬದುಕನ್ನು ಇನ್ನೊಬ್ಬರು ವಿಚಾರಿಸುವ ಭೇಟಿಯಾಯಿತು. ಸಭೆಗೆ ಬೇಕಾಗಿದ್ದುದೇ ಇದು ಎಂದು ವೆಸ್ಲಿ ಗುರುತಿಸಿದರು. ಆಮೇಲೆ ಮನೆಮನೆ ಸುತ್ತುವ ಬದಲು ಹನ್ನೆರಡು ಮಂದಿಯೂ ಒಂದೆಡೆ ಸೇರುವ ರೂಢಿ ಬಂತು. ಫಾಯ್ ಹೇಳಿದ ಮಾತು ನನಗೆ ಬಹಳ ಇಷ್ಟ. ಬಡವರನ್ನು ಲೆಕ್ಕದಿಂದ ಬಿಡಲು ಆತ ಒಪ್ಪಲಿಲ್ಲ, ಅವರ ಹೊರೆಗೆ ತಾನು ಹೆಗಲು ಕೊಟ್ಟ.

ಆ ವೆಸ್ಲಿಯ ಹೆಸರಿನ ಮಿಷನ್ನೇ 19ನೇ ಶತಮಾನದಲ್ಲಿ ಬೆಂಗಳೂರು, ಮೈಸೂರು, ತುಮಕೂರು ಸೀಮೆಯಲ್ಲಿ ಕನ್ನಡ ಸಭೆಗಳನ್ನು ಕಟ್ಟಿತು. ನನ್ನ ಅಜ್ಜಿಯ ಕ್ಲಾಸ್ ಮೀಟಿಂಗು ಬಂದದ್ದು ಹಾಗೆ. ಅವ್ವಾರ ಬೆಟಗೇರಿಯ ಸಭೆ ಬಾಸೆಲ್ ಮಿಷನ್ನಿನದು. ಅಲ್ಲೂ ಇದೇ ಬೇರು ಸಿಗುತ್ತದೆ. 1670ರಲ್ಲಿ ಫ್ರಾಂಕ್‌ಫರ್ಟಿನ ಬೋಧಕ ಸ್ಪೆನರ್ ತನ್ನ ಮನೆಯಲ್ಲಿ ಭಕ್ತರನ್ನು ಕೂಡಿಸಿ ಓದು, ಪ್ರಾರ್ಥನೆ ನಡೆಸಿದ. ಅಲ್ಲಿಂದ ಹರಡಿದ ಮನೆಕೂಟಗಳಿಗೆ ವೂರ್ಟೆಂಬರ್ಗ್ ಸೀಮೆಯ ಸರ್ಕಾರ 1743ರಲ್ಲಿ ಕಟ್ಟಳೆಗಳ ಸಮೇತ ಅನುಮತಿ ಕೊಟ್ಟಿತು. ಬಾಸೆಲ್ ಮಿಷನ್ನಿಗೆ ಬಹಳ ಜನ ಬಂದದ್ದು ಆ ಸೀಮೆಯಿಂದಲೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಅಲ್ಲಿಯವರು. ಕನ್ನಡದ ಮೊದಲ ಪತ್ರಿಕೆಗಾಗಿ ಅವರನ್ನು ನೆನೆಯುತ್ತೇವೆ. ಮನೆಯ ಹಜಾರದಲ್ಲಿ ನಾಲ್ಕು ಜನ ಕೂತು ದೇವರ ವಾಕ್ಯ ಓದುವುದನ್ನು ದೊಡ್ಡದೆಂದು ಬಗೆದ ನಾಡಿನಿಂದ ಅವರು ಬಂದರು ಎಂಬುದನ್ನೂ ನೆನೆಯಬೇಕು. ಈಗ ಅವ್ವಾರ ಹಜಾರದಲ್ಲಿ ಬೆಟಗೇರಿಯವರು, ತುಮಕೂರಿನವರು, ಮನೆಯಲ್ಲಿ ತುಳು ಆಡಿ ಚರ್ಚಿನಲ್ಲಿ ಕನ್ನಡ ಹಾಡುವ ಮಂಗಳೂರಿನ ದಂಪತಿ, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂರುತ್ತೇವೆ. ಊಟಕ್ಕೆ ಮುಂಚೆ ಗಿರ್ಮಿಟ್ ಬರುತ್ತದೆ, ಮಂಗಳೂರಿನವರ ಸರದಿಯಿದ್ದರೆ ನೀರುದೋಸೆ.

ಮಾರ್ಕನ ಸುವಾರ್ತೆ ಓದುತ್ತಿದ್ದ ಕಾಲದ ಒಂದು ಸಂಜೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಒಬ್ಬ ಕುರುಡನ ಪ್ರಸಂಗವಿದೆ. ಯೇಸು ಅವನನ್ನು ಕೈಹಿಡಿದು ಊರ ಹೊರಗೆ ಕರೆದುಕೊಂಡು ಹೋಗುತ್ತಾನೆ, ಕಣ್ಣು ಮುಟ್ಟಿ, ಏನಾದರೂ ಕಾಣಿಸುತ್ತದೆಯೇ ಎಂದು ಕೇಳುತ್ತಾನೆ. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಎಂದು ಅವನ ಉತ್ತರ. ಯೇಸು ಎರಡನೆಯ ಸಲ ಮುಟ್ಟಿದಾಗಲೇ ಎಲ್ಲವೂ ಸ್ಪಷ್ಟವಾಗುವುದು. ಎರಡು ಸಲ ಯಾಕೆ ಬೇಕಾಯಿತು ಎಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದ ತಮ್ಮನೊಬ್ಬ ನಮ್ಮ ಕೂಟದಲ್ಲಿದ್ದಾನೆ. ಸಾಮಾನ್ಯವಾಗಿ ಬಾಯಿ ಬಿಡದವನು. ಅವನು ಹೇಳಿದ: ‘ಅಕ್ಕಾ, ಅವನು ಅರ್ಧ ಕಾಣ್ತಿದೆ ಅಂತ ನಿಜ ಹೇಳಿದನಲ್ಲ, ಅದು ನೋಡಿ. ಎಲ್ಲ ಕಾಣ್ತಿದೆ ಸ್ವಾಮಿ ಅಂದುಬಿಟ್ಟಿದ್ರೆ ಅರ್ಧ ಕಣ್ಣಲ್ಲೇ ಮನೆಗೆ ಹೋಗ್ತಿದ್ದ.’

ಕೂಟದಿಂದ ನನಗೆ ಏನು ಸಿಕ್ಕಿತು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಭಾನುವಾರ ನಾವೆಲ್ಲ ಪೂರ್ತಿ ಕಾಣುವವರು. ‘ಹೇಗಿದ್ದೀರಿ?’ ಎಂದರೆ ‘ದೇವರ ಕೃಪೆ, ಚೆನ್ನಾಗಿದ್ದೇವೆ’ ಎನ್ನುತ್ತೇವೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ, ಆದರೆ ಅದು ಅರ್ಧ. ಪ್ರಾರ್ಥಿಸಲು ಕೂತರೆ ಮಾತೇ ಬರುತ್ತಿಲ್ಲ ಎಂದೋ, ತಂಗಿಯ ಮೇಲಿನ ಹೊಟ್ಟೆಕಿಚ್ಚು ಹೋಗುತ್ತಿಲ್ಲ ಎಂದೋ ಬಾಯಿಬಿಟ್ಟು ಹೇಳಲು ಒಂದು ಜಾಗ ಬೇಕು. ಹೇಳಿದಾಗ ಗಾಬರಿಯಾಗದೆ, ಉಪದೇಶಕ್ಕೂ ಇಳಿಯದೆ ಪಕ್ಕದಲ್ಲಿ ಕೂತಿರುವವರು ಬೇಕು. ಶಿಷ್ಯನಾಗುವುದೆಂದರೆ ಎರಡನೆಯ ಸಲ ಮುಟ್ಟಿಸಿಕೊಳ್ಳಲು ಒಪ್ಪುವುದು ಎಂದು ನನಗೆ ಅರ್ಥವಾದದ್ದು ಆ ಸಂಜೆ.

ಈ ಜಾಗ ಕೆಡುವುದೂ ಸುಲಭ, ಅದನ್ನು ಮುಚ್ಚಿಡಬಾರದು. ‘ಇವರಿಗಾಗಿ ಪ್ರಾರ್ಥಿಸಿ’ ಎಂಬ ಮಾತಿನ ಬೆನ್ನಿಗೇ ಅವರ ಸಂಸಾರದ ಗುಟ್ಟು ಊರಾಡುವುದನ್ನು ಎಷ್ಟೋ ಸಭೆಗಳ ಜನ ಕಂಡಿದ್ದಾರೆ. ಗುಂಪಿನ ನಾಯಕರು ಯಾರ ಮದುವೆ ಎಲ್ಲಿ ಆಗಬೇಕು, ಯಾರು ಯಾವ ಕೆಲಸ ಬಿಡಬೇಕು ಎಂದು ದೇವರ ಹೆಸರಿನಲ್ಲಿ ತೀರ್ಮಾನ ಕೊಡತೊಡಗಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ಅವ್ವಾರು ಎರಡಕ್ಕೂ ಬಿಗಿ. ಅವರ ಮನೆಯಲ್ಲಿ ಆಡಿದ್ದು ಅಲ್ಲೇ ಉಳಿಯಬೇಕು. ಗಂಡಹೆಂಡಿರ ಮಾತು ಬಂದರೆ ಹೆಣ್ಣುಮಕ್ಕಳು ಬೇರೆ, ಗಂಡಸರು ಬೇರೆ ಕೂರಬೇಕು. ತಮಗೆ ತಿಳಿಯದ್ದನ್ನು ಕೇಳಿದರೆ, ‘ಅಯ್ಯನವರನ್ನ ಕೇಳೋಣು’ ಎಂದುಬಿಡುತ್ತಾರೆ. ವಾರ್ಡಿನಲ್ಲಿ ರೋಗಿಗಳ ಮಾತು ಗುಟ್ಟಾಗಿ ಇಟ್ಟುಕೊಂಡು ಪಳಗಿದ ಜೀವ ಅದು.

ಕಳೆದ ಮಳೆಗಾಲದಲ್ಲಿ ಕೂಟದ ಒಬ್ಬ ಅಣ್ಣನ ಕೆಲಸ ಹೋಯಿತು. ಮೊದಲು ಪ್ರಾಜೆಕ್ಟ್ ಕೊಡದೆ ಬೆಂಚಿನ ಮೇಲೆ ಕೂರಿಸಿದ್ದರು, ಆಮೇಲೆ ಒಂದು ಮೇಲ್ ಬಂತು. ಹೆಂಡತಿಗೆ ಹೇಳುವ ಧೈರ್ಯವಾಗದೆ ಅವರು ದಿನಾ ಬ್ಯಾಗು ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದರಂತೆ. ಮೊದಲು ಬಾಯಿಬಿಟ್ಟದ್ದು ಕೂಟದಲ್ಲಿ, ಗಂಡಸರ ನಡುವೆ. ಆ ಗಂಡಸರೇ ಜೊತೆಗೆ ಹೋಗಿ ಮನೆಯಲ್ಲಿ ಮಾತಾಡಿಸಿದರು. ಮಕ್ಕಳ ಶಾಲೆಯ ಫೀಸು, ಮನೆಯ ಇಎಂಐ ಎಂದು ಲೆಕ್ಕ ಹಾಕಿ, ಕೈಲಾದವರು ಕೈಲಾದಷ್ಟು ಹೊಂದಿಸಿದರು. ಬೇರೆ ಕೆಲಸ ಸಿಗುವವರೆಗೂ ವಾರವಾರ ಅವರ ರೆಸ್ಯೂಮೆಯೂ ಪ್ರಾರ್ಥನೆಯೂ ಒಟ್ಟಿಗೇ ನಡೆದವು. ಇಷ್ಟನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಕೆಲಸಕ್ಕಾಗಿ ಊರು ಬಿಟ್ಟವರ ಮನೆಯಲ್ಲಿ ಸಭೆ ಕೂಡುವುದು ಹೊಸತೇನಲ್ಲ. ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿ ಬರುತ್ತಾರೆ. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ಹೊರಗಟ್ಟಿದ್ದರಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದವರು, ಗುಡಾರ ಮಾಡುವ ಕಸುಬಿನವರು. ಅದೇ ಕಸುಬಿನ ಪೌಲ ಅವರ ಮನೆಯಲ್ಲೇ ಉಳಿದು, ಅವರೊಂದಿಗೆ ದುಡಿದ. ಮುಂದೆ ಎಫೆಸದಲ್ಲೂ ರೋಮಿನಲ್ಲೂ ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತೆಂದು ಪೌಲನ ಪತ್ರಿಕೆಗಳಿಂದ ತಿಳಿಯುತ್ತದೆ. ಪಾಂಡಿತ್ಯವಿದ್ದ ಅಪೊಲ್ಲೋಸನನ್ನು ಮನೆಗೆ ಕರೆದು ಅವನ ತಿಳಿವಳಿಕೆ ತಿದ್ದಿದವರೂ ಇವರೇ. ಎಲ್ಲರೆದುರು ಅವನ ತಪ್ಪು ಎತ್ತಿಹೇಳಲಿಲ್ಲ. ಊರೂರು ಬದಲಿಸಿದರೂ ಹೋದಲ್ಲೆಲ್ಲ ಬಾಗಿಲು ತೆರೆದಿಟ್ಟ ಈ ಇಬ್ಬರು ನಮ್ಮ ಊರಿನವರೇ ಅನ್ನಿಸುತ್ತಾರೆ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೊ ಓಡತೊಡಗಿದ ಮೇಲೆ ಸಿಂಗಸಂದ್ರ, ಹೊಸ ರೋಡ್ ಕಡೆಯಿಂದಲೂ ಜನ ಬರುತ್ತಿದ್ದಾರೆ. ಹೊಸೂರು ರಸ್ತೆಯ ಶುಕ್ರವಾರದ ಟ್ರಾಫಿಕ್ಕಿಗೆ ಹೆದರಿ ಹಿಂದೆ ಸರಿದಿದ್ದವರು ಅವರು. ಈಗ ಜಮಖಾನೆ ಸಾಲದು, ಕೆಲವರು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಾರೆ. ಹನ್ನೆರಡು ದಾಟಿದರೆ ಒಬ್ಬರ ವಾರ ಇನ್ನೊಬ್ಬರಿಗೆ ನೆನಪಿರುವುದಿಲ್ಲ, ಗುಂಪು ಒಡೆಯಬೇಕು ಎಂದು ಅವ್ವಾರು ಹೇಳಿದ್ದಾರೆ. ಅಗಲುವುದು ಯಾರಿಗೂ ಇಷ್ಟವಿಲ್ಲ, ನನಗಂತೂ ಇಲ್ಲವೇ ಇಲ್ಲ. ಆದರೂ ಮುಂದಿನ ತಿಂಗಳಿಂದ ಎರಡನೆಯ ಗುಂಪು ದೊಡ್ಡತೋಗೂರಿನ ನಮ್ಮ ಮನೆಯಲ್ಲಿ ಕೂಡಲಿದೆ. ನಮ್ಮದು ಒಂದೇ ಕೋಣೆಯ ಮನೆ. ಮೆಟ್ಟಿಲ ಬಳಿ ಚಪ್ಪಲಿ ಬಿಡಲು ಮಾಲೀಕರನ್ನು ಕೇಳಿದ್ದೇನೆ, ಆಗಲಿ ಎಂದಿದ್ದಾರೆ.