ತುಂಬಿದ ಮೇಲೂ ಸುರಿಯುವ ಚೀಲ

2023ರ ಸೆಪ್ಟೆಂಬರ್ 18. ಗಣೇಶನ ಹಬ್ಬಕ್ಕೆ ಅರಸೀಕೆರೆಗೆ ಬಂದಿದ್ದೆ. ಸಂಜೆ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸುದ್ದಿ ಬಂತು. ಅಪ್ಪನ ಫೋನಿಗೆ ಬಿಡುವೇ ಇಲ್ಲ. ಗಣೇಶನ ಸ್ಟಿಕರ್, ಶಿಲಾಬಾಲಿಕೆಯ ಫೋಟೋ, ಮತ್ತೆ ಗಣೇಶ. ಒಂದನ್ನೂ ಬಿಡದೆ ಎಲ್ಲರಿಗೂ ಫಾರ್ವರ್ಡ್ ಮಾಡ್ತಾ ಕೂತರು.

ನಾನು ಲ್ಯಾಪ್‌ಟಾಪ್ ಮುಂದೆ. ಆ ವಾರ ನಮ್ಮಂಥವರ ನಿದ್ದೆಗೆಡಿಸಿದ್ದು ಲಿಬ್‌ವೆಬ್‌ಪಿ. ವೆಬ್‌ಪಿ ಚಿತ್ರಗಳನ್ನು ಬಿಚ್ಚಿ ತೋರಿಸುವ ಗೂಗಲ್‌ನ ಓಪನ್ ಸೋರ್ಸ್ ಲೈಬ್ರರಿ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಎಲ್ಲದರ ಹೊಟ್ಟೆಯಲ್ಲೂ ಅದರದ್ದೊಂದು ಪ್ರತಿ. ಅದರಲ್ಲೊಂದು ದೋಷವಿದೆ ಅಂತ ಆಪಲ್‌ನವರೂ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರೂ ತಿಳಿಸಿದ್ದರು. ಅಪ್ಪ ಕಳಿಸ್ತಿದ್ದ ಸ್ಟಿಕರ್‌ಗಳೂ ವೆಬ್‌ಪಿಗಳೇ.

"ಹಬ್ಬದ ದಿನಾನೂ ಬಿಡಲ್ವೇನಮ್ಮಾ?" ಅಂದರು ಅಪ್ಪ. ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಅವರಿಗೆ ಗೊತ್ತಾಗೋ ಹಾಗೆ ಹೇಳಿದೆ: "ಚಿತ್ರ ಬಿಚ್ಚೋಕೆ ಇದು ಮೊದಲೇ ಒಂದು ಚೀಲ ಇಟ್ಕೊಳ್ಳುತ್ತೆ, ಇದಕ್ಕಿಂತ ಜಾಸ್ತಿ ಬೇಕಾಗಲ್ಲ ಅಂತ. ಯಾರೋ ಬೇಕಂತಲೇ ಕೆಡಿಸಿದ ಚಿತ್ರ ಬಂದ್ರೆ ಚೀಲ ತುಂಬಿದ ಮೇಲೂ ಸುರೀತಾನೇ ಇರುತ್ತೆ. ಅದು ಪಕ್ಕದ ಚೀಲಕ್ಕೆ ಬಿದ್ದು, ಕೊನೆಗೆ ಫೋನೇ ಅವರ ಮಾತು ಕೇಳೋ ಹಾಗಾಗಬಹುದು."

"ಅಳತೆ ನೋಡೋರು ಯಾರೂ ಇಲ್ವಾ?"

ಇಲ್ಲ. ಆ ಲೈಬ್ರರಿ ಇರೋದು ಸಿ ಭಾಷೆಯಲ್ಲಿ. ಮೆಮೊರಿಯ ಗಡಿ ದಾಟಿದರೆ ಸಿ ತಾನಾಗಿ ತಡೆಯೋದಿಲ್ಲ. ಬರೆಯುವವರೇ ಎಚ್ಚರ ಇರಬೇಕು. ಕ್ರೋಮ್‌ನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಇಂಥ ಮೆಮೊರಿ ತಪ್ಪುಗಳೇ ಅಂತ ಆ ತಂಡವೇ 2020ರಲ್ಲಿ ಹೇಳಿತ್ತು. ದೋಷ ಸರಿಪಡಿಸಿದವರು ಮಾಡಿದ್ದೂ ಅಪ್ಪ ಹೇಳಿದ್ದನ್ನೇ: ಮೊದಲು ಅಳೆಯೋದು, ಆಮೇಲೆ ತುಂಬೋದು.

ಮರುದಿನ ಹಳೇಬೀಡು ನೋಡಿಕೊಂಡು ಬೇಲೂರಿಗೆ ಹೋದ್ವಿ. ಚೆನ್ನಕೇಶವನ ಗುಡಿಯ ಕೆಲವು ಶಿಲಾಬಾಲಿಕೆಗಳ ಕೆಳಗೆ ಕೆತ್ತಿದವರ ಹೆಸರಿದೆ, ದಾಸೋಜ, ಚಾವಣ. ನಮ್ಮ ಕೋಡ್‌ನಲ್ಲೂ ಯಾವ ಸಾಲು ಯಾರು ಬರೆದದ್ದು ಅಂತ ದಾಖಲಾಗಿರುತ್ತೆ ಅಂದೆ.

"ಹೆಸರಿದ್ರೆ ಆಯ್ತಾ? ಆಮೇಲೆ ನೋಡ್ಕೊಳ್ಳೋರು ಬೇಕಲ್ಲ," ಅಂದ ಅಪ್ಪ, ಫೋಟೋ ತೆಗೀ ಅಂತ ಫೋನು ಕೈಗಿಟ್ಟರು.

ಯಾಕೋ ಸೆಟ್ಟಿಂಗ್ಸ್ ತೆಗೆದೆ. ಕೊನೆಯ ಸೆಕ್ಯುರಿಟಿ ಅಪ್‌ಡೇಟ್ 2019ರದ್ದು. ಎದೆ ಧಸಕ್ಕೆಂದಿತು. ಹಿಂದಿನ ರಾತ್ರಿ ಕಂಪನಿಯ ಸರ್ವರ್‌ಗಳನ್ನೆಲ್ಲ ಭದ್ರ ಮಾಡಿ ನೆಮ್ಮದಿಯಾಗಿ ಮಲಗಿದ್ದೆ. ಅಪ್ಪ ದುಡಿದದ್ದೆಲ್ಲ ಇದ್ದ ಬ್ಯಾಂಕ್ ಆ್ಯಪ್ ಇಲ್ಲಿತ್ತು. ಗುಡಿಯ ಜಗತಿಯ ಮೇಲೇ ಕೂತು ಕ್ರೋಮ್ ಅಪ್‌ಡೇಟ್ ಮಾಡಿದೆ, ಬ್ಯಾಂಕ್ ಆ್ಯಪ್ ತೆಗೆದೆ. ಆಂಡ್ರಾಯ್ಡ್ ಒಳಗಿನ ಪ್ರತಿಗೆ ಅಕ್ಟೋಬರ್‌ನಲ್ಲಿ ಗೂಗಲ್ ತೇಪೆ ಹಾಕಿತು. ಅಪ್ಪನ ಫೋನಿಗೆ ಅದು ಬರಲೇ ಇಲ್ಲ.

ದೀಪಾವಳಿಗೆ ಮೊಬೈಲ್ ಅಂಗಡಿಗೆ ಹೋದ್ವಿ. ಹುಡುಗ ಕ್ಯಾಮೆರಾ, ಮೆಗಾಪಿಕ್ಸೆಲ್ ಅಂತ ಶುರು ಹಚ್ಚಿಕೊಂಡ. ಅಪ್ಪ ಕೈ ಅಡ್ಡ ಹಿಡಿದರು.

"ಅದಿರ್ಲಿ ಮಗಾ. ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ ಇದಕ್ಕೆ?"

ಹುಡುಗ ನನ್ನ ಮುಖ ನೋಡಿದ.